ಬೇರಿಂಗ್ ಹೋದ ಸದ್ದು

ಪಂಚಾಕ್ಷರಿಗೆ ಬೆಳಗಿನ ಆರೂವರೆಗೆಲ್ಲ ಅಸಹ್ಯ ಶುರುವಾಗುತ್ತದೆ. ಚಂದ್ರಾ ಲೇಔಟಿನ ಅವನ ಮನೆಯ ಮುಂದೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದಲ್ಲ, ಅಲ್ಲಿಂದ. ಹಸಿ ಕಸ ಬೇರೆ ಒಣ ಕಸ ಬೇರೆ ಮಾಡಿ ಅಂತ ಹೇಳುವುದಕ್ಕೆ ಕೊಳಲು ಯಾಕೆ, ತಬಲಾ ಯಾಕೆ, ಹಿಂದಿನಿಂದ ಹೆಂಗಸರ ಕೋರಸ್ ಯಾಕೆ? "ಕಸಕ್ಕೂ ಮೆಲೋಡಿ! ಥೂ ನಿಮ್ಮ" ಎನ್ನುತ್ತ ಬಕೆಟ್ಟು ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾನೆ. ಹೆಂಡತಿ ಬಸವರಾಜೇಶ್ವರಿಗೆ ಈ ಬೈಗುಳ ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ರೂಢಿಯಾದದ್ದು. "ಆಯ್ತಾ ಬೆಳಗಿನ ಅರ್ಚನೆ? ಒಳಗೆ ಬನ್ನಿ, ಕಾಫಿ ಆರ್ತಾ ಇದೆ" ಎನ್ನುತ್ತಾಳೆ.

ಪಂಚಾಕ್ಷರಿಗೆ ವಯಸ್ಸು ನಲವತ್ತೇಳು. ಹಣೆಯಲ್ಲಿ ವಿಭೂತಿ, ಮೈಮೇಲೆ ಕರಿ ಟೀ ಶರ್ಟು. ಹೊಟ್ಟೆಪಾಡಿಗೆ ಲಗ್ಗೆರೆಯಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರು, ಪೀಣ್ಯದ ಫ್ಯಾಕ್ಟರಿಗಳ ಮೋಟರು, ಹೋಟೆಲಿನ ಗ್ರೈಂಡರು, ಏನೇ ಬರಲಿ, ಒಳಗಿನ ಸತ್ತ ತಾಮ್ರದ ತಂತಿಯನ್ನು ಕತ್ತರಿಸಿ ತೆಗೆದು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಲೆಯಲ್ಲಿ ಒಣಗಿಸಿ ಕೊಡುವುದು ಕೆಲಸ. ಆದರೆ ಪ್ರಾಣ ಇರುವುದು ಹೆವಿ ಮೆಟಲ್ ಗಿಟಾರಿನಲ್ಲಿ. ಎದೆಗೂಡಿಗೆ ಗುದ್ದುವಂಥ, ಒರಟಾದ, ಅರಚುವ ಆ ಗಿಟಾರು ಬಿಟ್ಟರೆ ಪ್ರಪಂಚದ ಮಿಕ್ಕ ಸಂಗೀತವೆಲ್ಲ ಅವನ ಪಾಲಿಗೆ ಪಾಯಸಕ್ಕೆ ಸಕ್ಕರೆ ಜಾಸ್ತಿಯಾದ ಹಾಗೆ, ಬಾಯಿಗಿಟ್ಟರೆ ವಾಕರಿಕೆ.

ಯಾವುದರ ಮೇಲೆ ಅವನಿಗೆ ಹೇಸಿಗೆಯಿಲ್ಲ ಹೇಳಿ? ಗಣೇಶನ ಮುಂದೆ ಡಿಜೆ ಹಾಕಿಕೊಂಡು ಕುಣಿಯುವವರನ್ನು ಕಂಡರೆ ಹೊಟ್ಟೆ ತೊಳಸುತ್ತದೆ. ಟೀವಿಯಲ್ಲಿ ಮಕ್ಕಳು ಹಾಡಿ, ಜಡ್ಜುಗಳು ಅತ್ತು, ತಾಯಂದಿರು ಸ್ಟೇಜಿಗೆ ಓಡಿಬರುವ ಕಾರ್ಯಕ್ರಮವಿದೆಯಲ್ಲ, ಅದು ಶುರುವಾದರೆ ಊಟದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತುಕೊಂಡು ತಿನ್ನುತ್ತಾನೆ. ವೀಣೆಗೆ ಡ್ರಮ್ಸ್ ಬೆರೆಸುವ ಫ್ಯೂಷನ್ ಎಂಬ ಪದ ಕೇಳಿದರೆ ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸುತ್ತಾನೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಗಾರ್ಮೆಂಟ್ಸ್‌ನಲ್ಲಿ ಉಳಿದ ಮೆಟಲ್ ಬ್ಯಾಂಡುಗಳ ಹೆಸರು, ತಲೆಬುರುಡೆ ಚಿತ್ರವಿರುವ ಟೀ ಶರ್ಟು ರಾಶಿ ಹಾಕಿ ಮಾರುತ್ತಾರೆ. ಅದನ್ನು ಹಾಕಿಕೊಂಡು ಯಾವನಾದರೂ ಎದುರು ಸಿಕ್ಕಿದರೆ ಪಂಚಾಕ್ಷರಿ ಸ್ಕೂಟರ್ ನಿಲ್ಲಿಸಿ, "ಗುರು, ಎದೆ ಮೇಲೆ ಬರ್ಕೊಂಡಿದೀಯಲ್ಲ, ಅವರದು ಒಂದೇ ಒಂದು ಹಾಡು ಹೇಳು ನೋಡೋಣ" ಅಂತ ಕೇಳಿಯೇ ಕೇಳುತ್ತಾನೆ. ಮೊನ್ನೆ ಮಾರೇನಹಳ್ಳಿಯಲ್ಲಿ ಒಬ್ಬ ಹುಡುಗ, "ಅಂಕಲ್, ಇದು ಬ್ರ್ಯಾಂಡ್ ಅಲ್ವಾ?" ಅಂದನಂತೆ. ಎರಡು ದಿನ ಇವನು ಸರಿಯಾಗಿ ಊಟ ಮಾಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಸಹ್ಯ 'ಕ್ಲೀನ್' ಅನ್ನುವ ಮಾತಿನ ಮೇಲೆ. ಗಿಟಾರಿನ ಸದ್ದು ಎಷ್ಟು ಕ್ಲೀನಾಗಿದೆ ಅಂತ ಯಾರಾದರೂ ಹೊಗಳಿದರೆ ಮುಗಿಯಿತು. "ಕ್ಲೀನ್ ಇರೋದಕ್ಕೆ ಅದೇನು ಆಸ್ಪತ್ರೆ ಬಾತ್‌ರೂಮಾ? ಸದ್ದಿಗೆ ಕೊಳೆ ಇರಬೇಕು ಕಣ್ರೀ!"

ಇಷ್ಟೆಲ್ಲ ಮಾತಾಡುವವನು ತಾನು ಹೇಗೆ ಬಾರಿಸುತ್ತಾನೆ? ಅದನ್ನು ಕೇಳಬಾರದು. ಮನೆಯಲ್ಲಿ ಒಂದು ಗಿಟಾರಿದೆ, ಒಂದು ಪುಟ್ಟ ಆಂಪ್ಲಿಫೈಯರಿದೆ, ಇಪ್ಪತ್ತೆಂಟು ವರ್ಷದಲ್ಲಿ ಮೂರು ತುಣುಕು ಕಲಿತಿದ್ದಾನೆ. ಮೂರನೆಯದು ಅರ್ಧಕ್ಕೇ ನಿಲ್ಲುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಸವರಾಜೇಶ್ವರಿ ಒಮ್ಮೆ ಅಂದಿದ್ದಕ್ಕೆ, "ನಾನು ಕುಣಿಯೋನಲ್ಲ ಕಣೇ, ಕೇಳೋನು. ಕೇಳೋನಿಗೂ ಒಂದು ಯೋಗ್ಯತೆ ಬೇಕು" ಎಂದಿದ್ದ. ಅವನು ತನ್ನನ್ನು ತಾನು ನಂಬಿಕೊಂಡಿದ್ದದ್ದು ಆ ಒಂದು ವಿಷಯದಲ್ಲಿ ಮಾತ್ರ. ನನ್ನ ಕಿವಿ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ.

ಆ ಕಿವಿ ತೆರೆದದ್ದು ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ಬಸವೇಶ್ವರನಗರದ ಒಂದು ಕಾಲೇಜಿನ ಮೈದಾನದಲ್ಲಿ, ಒಂದು ಭಾನುವಾರ ಸಾಯಂಕಾಲ. ಆಗ ಅವನಿಗೆ ಹತ್ತೊಂಬತ್ತು. ರಾಜಾಜಿನಗರದ ನಾಲ್ಕು ಹುಡುಗರು 'ಕರಿಬಂಡೆ' ಅಂತ ಬ್ಯಾಂಡ್ ಮಾಡಿಕೊಂಡಿದ್ದರು. ಗಿಟಾರು ಬಾರಿಸಿದವನು ಸುಬ್ರಮಣಿ, ಇಪ್ಪತ್ತೈದು ಇಪ್ಪತ್ತಾರರ ಕಡ್ಡಿಯಂಥ ಹುಡುಗ. ಅವನು ಮೊದಲ ಏಟು ಹೊಡೆದದ್ದೇ ತಡ, ಪಂಚಾಕ್ಷರಿಗೆ ಮೈಯೆಲ್ಲ ಜುಮ್ಮೆಂದಿತು. ಕ್ಯಾಸೆಟ್ಟುಗಳಲ್ಲಿ ಅಮೆರಿಕದವರದು ಇಂಗ್ಲೆಂಡಿನವರದು ಎಲ್ಲ ಕೇಳಿದ್ದ, ಇಂಥ ಸದ್ದು ಎಲ್ಲೂ ಕೇಳಿರಲಿಲ್ಲ. ದಪ್ಪಗೆ, ಮಣ್ಣು ಮಣ್ಣಾಗಿ, ತುದಿಯಲ್ಲಿ ಗರಗಸ ಎಳೆದ ಹಾಗೆ. ಮುಂದಿನ ಸಾಲಿನಲ್ಲಿ ನಿಂತು ಕುತ್ತಿಗೆ ಉಳುಕುವ ತನಕ ತಲೆ ಕೊಡವಿದ. ಕರಿಬಂಡೆ ಒಂದು ವರ್ಷವೂ ಬಾಳಲಿಲ್ಲ. ಕ್ಯಾಸೆಟ್ಟು ಮಾಡಲಿಲ್ಲ, ಯಾರೂ ರೆಕಾರ್ಡ್ ಮಾಡಿಕೊಳ್ಳಲೂ ಇಲ್ಲ. ಆ ಸದ್ದು ಉಳಿದದ್ದು ಕೇಳಿದ ಕೆಲವರ ಕಿವಿಯಲ್ಲಿ, ಮತ್ತೆ ಆ ಒಂದು ಗಿಟಾರಿನೊಳಗೆ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಪಂಚಾಕ್ಷರಿ ಇನ್ನೂ ಆ ಗುಂಗಿನಲ್ಲೇ ಇದ್ದ. ತಂದೆ ನಂಜುಂಡಪ್ಪ ಎದುರಿಗಿದ್ದರು. ಈ ರೀವೈಂಡಿಂಗ್ ಅಂಗಡಿ ಶುರುಮಾಡಿದವರು ಅವರೇ. ಮೂರು ಬೆರಳು ವಿಭೂತಿ, ಉಗುರಿನಲ್ಲಿ ಸದಾ ವಾರ್ನಿಷ್ಷಿನ ಕರೆ, ಮಾತು ಕಡಿಮೆ. ಆವತ್ತು ಯಾಕೋ ತಾವಾಗಿಯೇ ಬಾಯಿ ತೆಗೆದರು.

"ಪಂಚು, ನಿನ್ನೆ ಆ ಗಿಟಾರ್ ಇತ್ತಲ್ಲ..."

"ಅಪ್ಪಾಜಿ, ದಮ್ಮಯ್ಯ ಅಂತೀನಿ. ಅಂಥ ಸೌಂಡು ನಿಮ್ಮ ಜನ್ಮದಲ್ಲಿ ಕೇಳಿಲ್ಲ ನೀವು. ಪಂಪ್‌ಸೆಟ್ ಬಿಟ್ಟು ನಿಮಗೇನು ಗೊತ್ತು?"

ನಂಜುಂಡಪ್ಪ ಉಪ್ಪಿಟ್ಟಿನ ತಟ್ಟೆ ನೋಡಿಕೊಂಡು ನಕ್ಕರು. "ಬೇರಿಂಗ್ ಹೋದ ಮೋಟರ್ ಥರ ಇರುತ್ತೆ, ಅಷ್ಟೇ ತಾನೇ?" ಅಂದರು. ಕೈ ತೊಳೆದು ಅಂಗಡಿಗೆ ಹೋದರು.

ಈ ಬೇರಿಂಗಿನ ಮಾತನ್ನು ಪಂಚಾಕ್ಷರಿ ಎಷ್ಟು ಸಲ ಗೆಳೆಯರ ಮುಂದೆ ಹೇಳಿ ನಗಿಸಿದ್ದಾನೋ ಲೆಕ್ಕವಿಲ್ಲ. ನೋಡಿ, ಇಂಥ ಮನೆಯಲ್ಲಿ ಹುಟ್ಟಿ ಇಂಥ ಕಿವಿ ಬೆಳೆಸಿಕೊಂಡೆ ಅಂತ ಜಂಬ. ಮುಂದೆ ಓದು ತಲೆಗೆ ಹತ್ತದೆ ಅದೇ ಅಂಗಡಿಗೆ ಬಂದು ಕೂತ. ಎರಡು ಸಾವಿರದ ಒಂಬತ್ತರಲ್ಲಿ ನಂಜುಂಡಪ್ಪ ತೀರಿಕೊಂಡರು. ಅವರ ಫೋಟೋ ಅಂಗಡಿಯ ಗೋಡೆ ಮೇಲಿದೆ. ಅದರ ಕೆಳಗೆ ಅವರೇ ಪೇಂಟಿನಲ್ಲಿ ಬರೆದ ಒಂದು ಸಾಲಿದೆ: 'ಮೊದಲು ಮೀಟರ್, ಆಮೇಲೆ ಕಟರ್.' ಕಾಯಿಲ್, ಅಂದರೆ ಒಳಗೆ ಸುತ್ತಿದ ತಂತಿ, ಸತ್ತಿದೆಯೋ ಬದುಕಿದೆಯೋ ಅಳೆದು ನೋಡದೆ ತಂತಿಗೆ ಕತ್ತರಿ ಹಾಕಬೇಡ ಅಂತ ಅರ್ಥ. ಅಂಗಡಿಗೆ ಬಂದ ಪ್ರತಿ ಹೊಸ ಕೆಲಸಗಾರನಿಗೂ ಪಂಚಾಕ್ಷರಿ ಅದನ್ನು ಗಟ್ಟಿಯಾಗಿ ಓದಿಸುತ್ತಾನೆ.

ಇನ್ನು ಸುಬ್ರಮಣಿ. ಹತ್ತು ವರ್ಷದ ಕೆಳಗೆ ಕೆಂಗೇರಿಯ ಒಂದು ಛತ್ರದಲ್ಲಿ, ಯಾರದೋ ರಿಸೆಪ್ಷನ್ನಿನಲ್ಲಿ ಪಂಚಾಕ್ಷರಿ ಅವನನ್ನು ಕಂಡ. ತಲೆಗೆ ಮೈಸೂರು ಪೇಟ, ಮೈಗೆ ಮಿರಮಿರ ಮಿಂಚುವ ಜುಬ್ಬ, ಆರ್ಕೆಸ್ಟ್ರಾದ ಮೂಲೆಯಲ್ಲಿ ನಿಂತು ಸಿನಿಮಾ ಯುಗಳಗೀತೆಗೆ ಟಿಣ್ ಟಿಣ್ ಅಂತ ಗಿಟಾರು ಮೀಟುತ್ತಿದ್ದ. ಕೈಯಲ್ಲಿ ಅದೇ ಗಿಟಾರು! ಪಂಚಾಕ್ಷರಿ ಕಚ್ಚಿದ್ದ ಜಹಾಂಗೀರನ್ನು ಎಲೆಗೇ ಹಾಕಿದ. ಹುಲಿಯನ್ನು ತಂದು ಗಂಟೆ ಕಟ್ಟಿ ಮೆರವಣಿಗೆ ಮಾಡಿದ್ದಾರಲ್ಲ ಶಿವನೇ ಎಂದು ಊಟ ಬಿಟ್ಟು ಎದ್ದುಬಂದ. ಆಮೇಲೆ ಆ ಮನುಷ್ಯನ ಸುದ್ದಿ ಎತ್ತಿದರೆ ಸಾಕು, ಮುಖ ಹುಳ್ಳಗೆ ಮಾಡುತ್ತಿದ್ದ. ಮನುಷ್ಯ ಹಾಳಾದ, ಗಿಟಾರು ಏನು ತಪ್ಪು ಮಾಡಿತ್ತು? ಆ ಸದ್ದು ಇನ್ನೂ ಅದರೊಳಗೆ ಇರಬೇಕು ಎಂದು ಮಾತ್ರ ಅವನ ಮನಸ್ಸು ಹೇಳುತ್ತಿತ್ತು.

ಆ ಗಿಟಾರು ಈ ಸಲದ ದಸರೆಗೆ ತಾನಾಗಿ ಅವನ ಅಂಗಡಿಗೆ ಬಂತು. ತಂದವನು ಆರ್ಕೆಸ್ಟ್ರಾದ ಮಾಲೀಕ ಅಮರೇಶ, ಅವನ ಮನೆ ಬೋರ್‌ವೆಲ್ ಮೋಟರು ಇಲ್ಲೇ ರಿಪೇರಿಯಾಗುವುದು. "ಪಂಚಣ್ಣ, ನಮ್ಮ ಸುಬ್ರಮಣಿ ಅವರದು. ನಾಬ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಸ್ವಲ್ಪ ನೋಡಿ. ಭಾನುವಾರ ಮದುವೆ ಇದೆ, ಅಷ್ಟರಲ್ಲಿ ಕೊಟ್ರೆ ಸಾಕು" ಎಂದು ಬೆಂಚಿನ ಮೇಲಿಟ್ಟು ಹೋದ. ಅದು ಸೋಮವಾರ. ಪಂಚಾಕ್ಷರಿ ಕೈಗೆ ಹತ್ತಿದ್ದ ಗ್ರೀಸನ್ನು ಸೋಪಿನಲ್ಲಿ ತೊಳೆದುಕೊಂಡು ಬಂದ. ನಾಬಿನೊಳಗಿನ ಧೂಳು ತೆಗೆಯಲು ಹತ್ತು ನಿಮಿಷ ಸಾಕಾಯಿತು. ಮನೆಯಿಂದ ಆಂಪ್ಲಿಫೈಯರು ತರಿಸಿ, ವೈರು ಸಿಕ್ಕಿಸಿ, ತನಗೆ ಬರುವ ಮೂರರಲ್ಲಿ ಒಂದು ತುಣುಕು ಬಾರಿಸಿದ. ಅದೇ! ಅದೇ ಮಣ್ಣು, ಅದೇ ಗರಗಸ! ಇಪ್ಪತ್ತೆಂಟು ವರ್ಷ ಕಳೆದರೂ ಒಂದು ಎಳೆ ಮಾಸಿಲ್ಲ. ಪಂಚಾಕ್ಷರಿ ಶಟರು ಅರ್ಧ ಎಳೆದು ಕೂತು ಅತ್ತ.

ಕೆಲಸ ಮುಗಿದಿದ್ದರೂ ಫೋನು ಮಾಡಲಿಲ್ಲ. ಭಾನುವಾರದ ತನಕ ಇಲ್ಲೇ ಇರಲಿ, ದಿನಾ ಒಂದು ಗಳಿಗೆ ಕೇಳಬಹುದು ಅನ್ನುವ ಆಸೆ. ಅಂಗಡಿಯಲ್ಲಿ ಗ್ರೀಸು ವಾರ್ನಿಷ್ಷು ಮೆತ್ತದ ಜಾಗ ಇರುವುದು ಒಂದೇ, ತಂದೆಯ ಫೋಟೋದ ಕೆಳಗಿನ ಕಟ್ಟೆ. ಅಲ್ಲಿ ಗೋಡೆಗೆ ಒರಗಿಸಿ ಇಟ್ಟ.

ಬುಧವಾರ ಆಯುಧಪೂಜೆ. ಅಂಗಡಿಯ ಪೂಜೆ ಎಂದಿನಿಂದಲೂ ಮುನಿವೆಂಕಟಪ್ಪನದು. ಅರವತ್ತೆಂಟರ ಮುದುಕ, ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದ ಕಾಲದವನು, ನಂಜುಂಡಪ್ಪನ ಜೊತೆ ಮೊದಲ ದಿನದಿಂದ ಕೆಲಸ ಮಾಡಿದವನು. ವೈಸು, ಸುತ್ತಿಗೆ, ತಂತಿ ಸುತ್ತುವ ಮೆಷಿನ್ನು, ಎಲ್ಲವನ್ನೂ ತೊಳೆದು ಒರೆಸಿ, ಮೂರು ಗೆರೆ ವಿಭೂತಿ ಎಳೆದು, ಚೆಂಡುಹೂ ಹಾಕುವುದು ಅವನ ಪದ್ಧತಿ. ಮನೆಯಲ್ಲಿ ಕಾರು, ಸ್ಕೂಟರು, ಮಿಕ್ಸಿ, ಹೊಲಿಗೆ ಮೆಷಿನ್ನು ಅಂತ ಬಸವರಾಜೇಶ್ವರಿಯ ಪೂಜೆ ಮುಗಿಸಿಕೊಂಡು ಪಂಚಾಕ್ಷರಿ ಅಂಗಡಿಗೆ ಬರುವಾಗ ಹನ್ನೊಂದು ದಾಟಿತ್ತು. ಬಾಗಿಲಲ್ಲೇ ನಿಂತುಬಿಟ್ಟ.

ಗಿಟಾರಿನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡ್ಡಡ್ಡ ಮೂರು ಗೆರೆ ವಿಭೂತಿ. ನಾಬಿನ ಮೇಲೆಲ್ಲ ಕುಂಕುಮ. ವೈರು ಸಿಕ್ಕಿಸುವ ತೂತಿನ ಮೇಲೆ ದಪ್ಪಗೆ ಗಂಧ. ಕುತ್ತಿಗೆಗೆ ಚೆಂಡುಹೂವಿನ ಹಾರ, ತಲೆಗೆ ಚುಚ್ಚಿದ ನಿಂಬೆಹಣ್ಣು. ಸಾಲದ್ದಕ್ಕೆ ಎದುರಿಗೆ ಈಗಷ್ಟೇ ಒಡೆದ ತೆಂಗಿನಕಾಯಿ. ತಂತಿಗಳ ಕೆಳಗಿನ ಕಾಯಿಲ್ ಮೇಲೂ ಕಾಯಿನೀರು ಚಿಮ್ಮಿತ್ತು. ಎಲೆಕ್ಟ್ರಿಕ್ ಗಿಟಾರಿನ ಜೀವ ಇರುವುದೇ ಆ ಕಾಯಿಲ್‌ನಲ್ಲಿ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಂತಿ ಸಾವಿರಾರು ಸುತ್ತು ಸುತ್ತಿರುತ್ತಾರೆ. ಈ ಗಿಟಾರಿಗೆ ಇದ್ದದ್ದು ಅದೊಂದೇ.

"ಏನ್ ಮಾಡಿದೆಯೋ ಮುದುಕಾ!"

ಮುನಿವೆಂಕಟಪ್ಪ ಕರ್ಪೂರದ ತಟ್ಟೆ ಹಿಡಿದು ನಗುನಗುತ್ತಲೇ ತಿರುಗಿದ. "ಧಣಿ ಫೋಟೋ ಕೆಳಗೆ ಇಟ್ಟಿದ್ಯಲ್ಲ ಪಂಚು, ಸರಿಯಾದ ಕೆಲ್ಸ ಮಾಡ್ದೆ ಅಂತ ನಾನೂ..."

ಪಂಚಾಕ್ಷರಿ ಹಾರ ಕಿತ್ತು ಬಿಸಾಡಿ, ವೈರು ತೂತಿಗೆ ತುರುಕಿ, ಆಂಪ್ಲಿಫೈಯರ್ ಹಾಕಿ ಮೀಟಿದ. ಸದ್ದಿಲ್ಲ. ಮತ್ತೆ ಮೀಟಿದ. ಸತ್ತುಹೋಗಿದೆ.

"ಗಿಟಾರ್ ಕಣಯ್ಯ ಇದು, ಗಿಟಾರ್! ಕೊಟ್ಟಿಗೆ ಹಸು ಅಲ್ಲ ಮೈ ತೊಳೆಯೋಕೆ!"

"ಒಂದ್ ಮಾತು ಕೇಳಪ್ಪ. ನೀರು ಅದಕ್ಕೆ ಏನೂ ಮಾಡಲ್ಲ. ಧಣಿ ಅದಕ್ಕೆ..."

"ಬಾಯ್ಮುಚ್ಚು! ಇನ್ನೊಂದು ಮಾತಾಡಿದ್ರೆ ಸರಿಯಿರಲ್ಲ. ನಡಿ ಹೊರಗೆ. ನಿಮ್ಮ ಕುಂಕುಮ, ನಿಮ್ಮ ಗಂಧ, ನಿಮ್ಮ ಮೌಢ್ಯ. ಥೂ! ನಿಮ್ಮಂಥವರ ಮಧ್ಯೆ ಬದುಕೋದೇ ಹೇಸಿಗೆ ನನಗೆ!"

ಮುದುಕ ಕರ್ಪೂರದ ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೋದ. ನಲವತ್ತು ವರ್ಷದಲ್ಲಿ ಅಂಗಡಿಯಲ್ಲಿ ಯಾರೂ ಅವನಿಗೆ ಹಾಗೆ ಅಂದಿರಲಿಲ್ಲ.

ಪಂಚಾಕ್ಷರಿ ಶಟರು ಎಳೆದು ಬೆಂಚಿಗೆ ಕೂತ. ಮೈ ಕೋಪದಿಂದ ಕಾಯುತ್ತಿತ್ತು. ಒದ್ದೆ ಒಳಗೆ ಇಳಿದಷ್ಟು ಹೊತ್ತೂ ತಾಮ್ರ ಹಸಿರುಗಟ್ಟುತ್ತದೆ, ಈಗಲೇ ಬಿಚ್ಚಿ, ಸುತ್ತು ಎಣಿಸಿಕೊಂಡು, ಹಾಗೇ ಹೊಸದು ಸುತ್ತಿದರೆ ಏನಾದರೂ ಉಳಿದೀತು ಎಂದುಕೊಂಡ. ಸ್ಕ್ರೂ ಬಿಚ್ಚಿ ಕಾಯಿಲ್ ಈಚೆ ತೆಗೆದ. ಮೇಲೆ ಕರಿಟೇಪು. ಮೀಟರು ಮೂರು ಅಡಿ ದೂರದ ಮೊಳೆಯಲ್ಲಿ ಪೂಜೆಯ ಹೂ ಮುಡಿದುಕೊಂಡು ನೇತಾಡುತ್ತಿತ್ತು. ಅತ್ತ ನೋಡಲೂ ಇಲ್ಲ. ಟೇಪಿನ ಮೇಲಿಂದಲೇ ಬ್ಲೇಡು ಇಟ್ಟು, ಸುಟ್ಟ ಮೋಟರಿನ ಕಾಯಿಲ್ ಸೀಳುವ ಹಾಗೆ ಒಂದೇ ಏಟಿಗೆ ಸೀಳಿದ.

ಬ್ಲೇಡು ಸಲೀಸಾಗಿ ಹೋಗಲಿಲ್ಲ. ಒಳಗೆ ಏನೋ ಗಟ್ಟಿ. ಟೇಪು ಬಿಡಿಸಿ ನೋಡಿದ. ಕಾಯಿಲ್ಲಿಗೆ ಜೇನುಬಣ್ಣದ ವಾರ್ನಿಷ್ ಕುಡಿಸಿ ಕಲ್ಲಿನಂತೆ ಒಣಗಿಸಿದ್ದರು. ಗಿಟಾರು ಮಾಡುವವರು ಯಾರೂ ಹಾಗೆ ಮಾಡುವುದಿಲ್ಲ, ಮೇಣ ಹಾಕುತ್ತಾರೆ. ವಾರ್ನಿಷ್ ಕುಡಿಸಿ ಬೇಯಿಸುವವರು ಮೋಟರಿನವರು. ಸೀಳಿದ ಕಡೆ ತಾಮ್ರ ಹೊಸ ದುಡ್ಡಿನ ಹಾಗೆ ಹೊಳೆಯುತ್ತಿತ್ತು. ಒಂದು ಹನಿ ನೀರು ಒಳಗೆ ಹೋಗಿರಲಿಲ್ಲ. ಕೊನೆಯ ತಂತಿಯನ್ನು ಕಟ್ಟಿ ನಿಲ್ಲಿಸಿದ್ದ ಕೆಂಪು ನೂಲು ಎರಡು ತುಂಡಾಗಿ ಬಿದ್ದಿತ್ತು. ಆ ನೂಲಿನ ಗಂಟು ನೋಡಿದ.

ಎರಡು ಸುತ್ತು, ಒಂದು ಹಿಂಬದಿಯಿಂದ ತೂರಿಸಿ, ಮತ್ತೆ ಒಂದು ಸುತ್ತು. ಲಿಂಗದ ಕರಡಿಗೆಯ ಶಿವದಾರಕ್ಕೆ ನಂಜುಂಡಪ್ಪ ಹಾಕುತ್ತಿದ್ದ ಗಂಟು. ಅದೇ ಗಂಟನ್ನು ಅವರು ಪ್ರತಿ ಕಾಯಿಲ್ಲಿಗೂ ಕೆಂಪು ನೂಲಿನಲ್ಲಿ ಹಾಕುತ್ತಿದ್ದರು. ಮತ್ತೆ ಬಂದ ಮೋಟರಿನಲ್ಲಿ ಆ ಗಂಟು ಕಂಡರೆ ಇದು ನಮ್ಮ ಕೆಲಸ ಎಂದು ಗೊತ್ತಾಗಲಿ ಅಂತ. ಪಂಚಾಕ್ಷರಿಗೆ ಹಾಕಲು ಬರುವ ಗಂಟೂ ಅದೊಂದೇ.

ಒಂದು ಬೆಂಕಿಕಡ್ಡಿ ತೆಗೆದು ಗಿಟಾರಿನ ವೈರ್ ತೂತಿಗೆ ಹಾಕಿ ತಿರುವಿದ. ಗಂಧದ ಮುದ್ದೆ ಈಚೆ ಬಂತು. ಸದ್ದು ಬಾರದಿದ್ದದ್ದಕ್ಕೆ ಅದು ಕಾರಣ, ಅಷ್ಟೇ. ಕಾಯಿಲ್ ಬದುಕಿತ್ತು. ಅರ್ಧ ಗಂಟೆಯ ಹಿಂದಿನ ತನಕ ಬದುಕಿತ್ತು. ತಲೆ ಎತ್ತಿದರೆ ಎದುರು ಗೋಡೆಯಲ್ಲಿ, ಮೊದಲು ಮೀಟರ್, ಆಮೇಲೆ ಕಟರ್.

ಮಾರನೆಯ ದಿನ ಬೆಳಿಗ್ಗೆ ಅವನು ಮುನಿವೆಂಕಟಪ್ಪನ ಮನೆಗೆ ಹೋದ. ಮುದುಕ ಜಗುಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಪಂಚಾಕ್ಷರಿ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲ ಮೇಲೆ ಕೂತ. "ತಪ್ಪಾಯ್ತು ಮುನಿಯಣ್ಣ" ಅಂದ. ಮುದುಕ ಕಾಯಿ ಬಿಡಿಸುತ್ತಲೇ ಇದ್ದ. ಕಾಗದದಲ್ಲಿ ಸುತ್ತಿ ತಂದಿದ್ದ ಕಾಯಿಲ್ಲಿನ ಎರಡು ಹೋಳು ತೋರಿಸಿದಾಗ ಅವನ ಕೈಯಲ್ಲಿದ್ದ ಕಡಲೆಕಾಯಿ ಕೆಳಗೆ ಬಿತ್ತು.

"ಕುಯ್ದುಬಿಟ್ಯಾ?"

"ಹೂಂ."

"ಧಣಿ ಮೂರು ಸಲ ಸುತ್ತಿದ್ರು ಕಣೋ ಇದನ್ನ. ಆ ಹುಡ್ಗ ಸುಬ್ರಮಣಿ ಸತ್ತೋದ ಗಿಟಾರ್ ಹಿಡ್ಕೊಂಡು ಅಳ್ತಾ ಬಂದಿದ್ದ. ಯಾವ ಅಂಗಡೀಲೂ ಆಗಲ್ಲ ಅಂದಿದ್ರಂತೆ. ಎರಡು ಸಲ ತಂತಿ ತುಂಡಾಯ್ತು. ಮೂರನೇ ಸಲ ಕೈಯಲ್ಲೇ ಸುತ್ತಿದ್ರು, ರಿಲೇಗೆ ಹಾಕೋ ಕೂದಲಿನಂಥ ತಂತೀಲಿ, ಲೆಕ್ಕಕ್ಕಿಂತ ಜಾಸ್ತಿ. ಆಮೇಲೆ ವಾರ್ನಿಷ್. ಗಿಟಾರ್‌ಗೆ ಯಾಕೆ ಧಣಿ ಅಂದ್ರೆ, 'ಮಳೇಲಿ ನೆಂದ್ರೂ ಹೋಗಬಾರದು ಕಣೋ, ಹುಡುಗ್ರು ಎಲ್ಲೆಲ್ಲೋ ಬಾರಿಸ್ತವೆ' ಅಂದ್ರು. ಅಂಗಡೀಲೇ ಬಾರಿಸಿ ನೋಡಿದ್ರು. ಅಬ್ಬಬ್ಬಾ ಆ ಸೌಂಡು! 'ಬೇರಿಂಗ್ ಹೋಗಿದೆಯಲ್ಲಯ್ಯ ಇದಕ್ಕೆ' ಅಂತ ಧಣಿ ಅಂದ್ರೆ ಆ ಹುಡುಗ್ರು ಕುಣಿದಿದ್ದೇ ಕುಣಿದಿದ್ದು."

ಪಂಚಾಕ್ಷರಿ ಎರಡು ಹೋಳನ್ನೂ ಮತ್ತೆ ಕಾಗದದಲ್ಲಿ ಸುತ್ತಿದ.

"ಆ ಭಾನುವಾರ ನಾನೂ ಧಣೀನೂ ಮೈದಾನಕ್ಕೆ ಹೋಗಿದ್ವಿ. ಕೆಲಸ ಸರಿಯಾಗಿದೆಯಾ ನೋಡ್ಬೇಕಲ್ಲ. ಹಿಂದೆ ಜನರೇಟರ್ ಪಕ್ಕ ನಿಂತ್ಕೊಂಡ್ವಿ. ನೀನು ಮುಂದೆ ನಿಂತು, ಮೈಮೇಲೆ ದೇವ್ರು ಬಂದೋನ ಥರ ತಲೆ ಕೊಡವ್ತಾ ಇದ್ದೆ. ಧಣಿ ಪೂರ್ತಿ ಹೊತ್ತು ನಿನ್ನನ್ನೇ ನೋಡ್ತಿದ್ರು. ಕರೀಲಾ ಅಂದೆ. 'ಬೇಡ, ಸ್ನೇಹಿತರ ಮುಂದೆ ನಾಚ್ಕೋತಾನೆ. ಬೆಳಿಗ್ಗೆ ತಿಂಡಿ ತಿನ್ನೋವಾಗ ಹೇಳ್ತೀನಿ' ಅಂದ್ರು."

ಮುನಿವೆಂಕಟಪ್ಪ ಅವನ ಮುಖ ನೋಡಿದ.

"ಯಾಕೆ, ಹೇಳ್ಲಿಲ್ವಾ? ನಿಂಗೆ ಗೊತ್ತು ಅಂದ್ಕೊಂಡಿದ್ದೆ ನಾನು ಇಷ್ಟು ವರ್ಷ. ಅದಕ್ಕೇ ಫೋಟೋ ಕೆಳಗೆ ಇಟ್ಟಿದೀಯ ಅಂದ್ಕೊಂಡೆ."

ಪಂಚಾಕ್ಷರಿ ಎದ್ದು ಬೀದಿಯ ಮೋರಿಯ ಹತ್ತಿರ ಹೋಗಿ ನಿಂತ. ಟೀವಿ ಜಡ್ಜುಗಳ ಮೇಲೆ, ಕಸದ ಗಾಡಿಯ ಮೇಲೆ, ಟೀ ಶರ್ಟಿನ ಹುಡುಗರ ಮೇಲೆ ಇಷ್ಟು ವರ್ಷ ಉಗಿದ ಉಗುಳೆಲ್ಲ ತಿರುಗಿ ತನ್ನ ಬಾಯಿಗೇ ಬಂದಿತ್ತು. ಕೇಳೋನಂತೆ! ಕೇಳೋಕೆ ಯೋಗ್ಯತೆ ಬೇಕಂತೆ! ಅಪ್ಪ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಹೇಳಲು ಬಂದಾಗ ಒಂದು ವಾಕ್ಯ ಪೂರ್ತಿ ಕೇಳಲಿಲ್ಲ. ನಿನ್ನೆ ಮುದುಕ ಹೇಳಲು ಬಂದರೆ ಅದನ್ನೂ ಕೇಳಲಿಲ್ಲ. ಥೂ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಆದರೂ ಅವನು ಬಿಡಲಿಲ್ಲ. ಗುರುವಾರ ಮಧ್ಯಾಹ್ನದಿಂದ ಕೂತ. ಹೋಳುಗಳನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದು, ತಂತಿಯ ದಪ್ಪ ಅಳೆದು, ಸುತ್ತಿನ ಲೆಕ್ಕ ಹಿಡಿದ. ಅದೇ ತಂತಿ ತಂದ. ಮೊದಲನೆಯದನ್ನು ಮೆಷಿನ್ನಿನಲ್ಲಿ ಸುತ್ತಿದ, ಬಾರಿಸಿದ, ಬಿಚ್ಚಿ ಎಸೆದ. ಎರಡನೆಯದನ್ನು ಕೈಯಲ್ಲೇ ಸುತ್ತಿದ. ಮುನಿವೆಂಕಟಪ್ಪ ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದ.

"ತುಂಬ ನೀಟಾಗಿ ಸುತ್ತುತ್ತೀಯ ಪಂಚು. ಧಣಿದು ಗುಡ್ಡೆ ಗುಡ್ಡೆ ಇತ್ತು. ಅಡ್ಡಾದಿಡ್ಡಿ."

"ಅವರೇ ತಾನೇ ನನಗೆ ನೀಟಾಗಿ ಸುತ್ತೋದು ಕಲಿಸಿದ್ದು!"

"ಮೋಟರ್‌ಗೆ ಕಲಿಸಿದ್ರು. ಇದು ಅವ್ರಿಗೂ ಹೊಸಾದು. ಹೆದರ್ಕೊಂಡು ಸುತ್ತಿದ್ರು."

ಅಡ್ಡಾದಿಡ್ಡಿ ಸುತ್ತಲು ನೋಡಿದ. ಇಪ್ಪತ್ತೈದು ವರ್ಷ ಪಳಗಿದ ಕೈ ಕೇಳಲಿಲ್ಲ, ತಂತಿ ತಾನಾಗಿ ತಂತಿಯ ಪಕ್ಕಕ್ಕೆ ಹೋಗಿ ಕೂರುತ್ತಿತ್ತು. ಮೂರನೆಯದು ಮುಗಿದಾಗ ಶನಿವಾರ ಸಾಯಂಕಾಲವಾಗಿತ್ತು. ವಾರ್ನಿಷ್ ಕುಡಿಸಿ, ಬೇಯಿಸಿ, ಕೆಂಪು ನೂಲಿನಿಂದ ಆ ಗಂಟು ಹಾಕಿ ಗಿಟಾರಿಗೆ ಕೂರಿಸಿದ.

ಭಾನುವಾರ ಬೆಳಿಗ್ಗೆ ಸುಬ್ರಮಣಿ ತಾನೇ ಬಂದ. ಮದುವೆಗೆ ಹೊರಟವನು, ಅದೇ ಮಿಂಚುವ ಜುಬ್ಬ, ಪೇಟ ಕವರಿನಲ್ಲಿತ್ತು. ಕೂದಲಿಗೆ ಕಪ್ಪು ಬಣ್ಣ, ಬುಡದಲ್ಲಿ ಬಿಳುಪು. ಪಂಚಾಕ್ಷರಿ ಈ ಗಳಿಗೆಯನ್ನು ಒಂದು ಕಾಲಕ್ಕೆ ಎಷ್ಟೋ ವರ್ಷ ಕನಸು ಕಂಡಿದ್ದ. ಈಗ ತಲೆ ತಗ್ಗಿಸಿ ನಿಂತಿದ್ದ.

"ಸಾರ್, ಒಂದು ತಪ್ಪಾಗಿದೆ. ಕಾಯಿಲ್ ಚೆನ್ನಾಗಿತ್ತು, ನಾನೇ ಕುಯ್ದುಬಿಟ್ಟೆ. ಹೊಸದು ಸುತ್ತಿದೀನಿ. ಮೊದಲು ನಿಮಗೆ ಅದನ್ನ ಸುತ್ತಿಕೊಟ್ಟಿದ್ದು ನಮ್ಮ ತಂದೆ."

"ಹೌದಾ? ಇದೇ ಅಂಗಡೀನಾ?" ಸುಬ್ರಮಣಿ ಫೋಟೋ ಕಡೆ ಒಮ್ಮೆ ನೋಡಿದ. "ಯಾರೋ ಹಿರಿಯರು ಇದ್ರು ಅಂತ ನೆನಪು. ಒಳ್ಳೇದು, ಒಳ್ಳೇದು. ಎಲ್ಲಿ, ವೈರ್ ಕೊಡಿ."

ಕೂತು ಬಾರಿಸಿದ. ಬಾರಿಸಿದ್ದು ಸಿನಿಮಾ ಧಾಟಿ. ನಡುವೆ ಒಂದು ಗಳಿಗೆ, ಬೆರಳಿಗೆ ಹಳೆಯ ನೆನಪು ಬಂತೇನೋ, ಕರಿಬಂಡೆಯ ಆ ಮೊದಲ ಏಟು ಹೊಡೆದ. ಪಂಚಾಕ್ಷರಿ ಕಣ್ಣು ಮುಚ್ಚಿದ. ಮಣ್ಣಿರಲಿಲ್ಲ. ಗರಗಸವಿರಲಿಲ್ಲ. ಪ್ರತಿ ತಂತಿಯೂ ಬೇರೆ ಬೇರೆಯಾಗಿ, ತೊಳೆದಿಟ್ಟ ಲೋಟಗಳ ಹಾಗೆ ಕೇಳಿಸಿತು.

"ಅಯ್ಯೋ, ಇದಕ್ಕೆ ಯಾಕ್ರೀ ಇಷ್ಟು ಬೇಜಾರು?" ಸುಬ್ರಮಣಿಯ ಮುಖ ಅರಳಿತ್ತು. "ಮೊದಲು ಎಷ್ಟು ಒರಟು ಇತ್ತು ಗೊತ್ತಾ, ಅಮರೇಶ ದಿನಾ ಬೈಯೋನು. ಹೊಸಾದು ಹಾಕ್ಸಬೇಕು ಅಂತಾನೇ ಇದ್ದೆ. ಈಗ ನೋಡಿ, ಎಷ್ಟು ಕ್ಲೀನಾಗಿದೆ!"

"ಸಾರ್, ಒಂದು ವಾರ ಬಿಟ್ಟುಹೋಗಿ. ಇನ್ನೊಂದು ಸಲ ಸುತ್ತಿ ನೋಡ್ತೀನಿ."

"ಬೇಡಪ್ಪಾ ಬೇಡ. ಇದೇ ಇರಲಿ, ಸೂಪರ್."

ಗಿಟಾರನ್ನು ಬ್ಯಾಗಿಗೆ ಹಾಕಿ, ಜಿಪ್ಪು ಎಳೆದು, ಆಟೋ ಹತ್ತಿ ಹೊರಟುಹೋದ. ಮುನಿವೆಂಕಟಪ್ಪನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ಫೋಟೋದ ಕೆಳಗಿನ ಬರಿದಾದ ಕಟ್ಟೆಯನ್ನು ಒರೆಸುತ್ತ, "ಹೆಂಗಿತ್ತು ಪಂಚು? ಧಣಿ ಸೌಂಡ್ ಬಂತಾ?" ಎಂದು ಕೇಳಿದ.

"ಕ್ಲೀನಾಗಿತ್ತು ಮುನಿಯಣ್ಣ" ಅಂದ ಪಂಚಾಕ್ಷರಿ. ಅಂದವನು ಬಾಯಿ ತೊಳೆದುಕೊಳ್ಳಲು ನಲ್ಲಿಯ ಹತ್ತಿರ ಹೋದ.